ಗೋಳಗುಮ್ಮಟದ ಆರೋಹಣ

ಬಂಡ್ರಿಯ ಸೀಮೆಯವರಾದ ನಮಗೆ ಹತ್ತುವುದೆಂದರೆ ಗುಡ್ಡವನ್ನು ಹತ್ತುವುದು. ಹಂಪೆಯ ಗಜಶಾಲೆಯ ನೆತ್ತಿಯಲ್ಲಿ ಗುಮ್ಮಟಗಳು ಸಾಲುಗೊಂಡಿವೆಯಾದರೂ ಅವು ನೆಲದಲ್ಲಿ ನಿಂತು ನೋಡಿ ತಣಿಯತಕ್ಕವು. ಗೋಡೆಯ ಒಡಲನ್ನೇ ಹೊಕ್ಕು ಗುಮ್ಮಟದ ಬುಡಕ್ಕೇರಿ ನಿಲ್ಲಬೇಕೆಂಬ ಅಪೇಕ್ಷೆಯುಳ್ಳವರು ಹೊಸಪೇಟೆಯಿಂದ ಬಡಗಣಕ್ಕೆ ಹೊರಟು, ತುಂಗಭದ್ರೆಯನ್ನೂ ಕೃಷ್ಣೆಯನ್ನೂ ದಾಟಿ, ವಿಜಯಪುರಕ್ಕೇ ಹೋಗಬೇಕು.

ಅಲ್ಲಿಯ ಗೋಳಗುಮ್ಮಟವು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ. 1565ರಲ್ಲಿ ವಿಜಯನಗರವನ್ನು ಹಾಳುಗೆಡವಿದ ಸೈನ್ಯಗಳಲ್ಲಿ ಇವನ ವಂಶದವರದೂ ಒಂದೆಂಬುದನ್ನು ಹಂಪೆಯ ನೆರೆಯವರು ಮರೆಯಲಾರರು. ಆದರೆ ಶಿಲ್ಪಿಯ ಪ್ರತಿಭೆಗೆ ತಲೆದೂಗದಿರಲು ಅದು ಕಾರಣವಾಗದು.

ನಾಲ್ಕು ಮೂಲೆಗಳಲ್ಲಿ ಏಳಂತಸ್ತಿನ ಅಷ್ಟಕೋನದ ಮಿನಾರುಗಳಿದ್ದು, ಅವುಗಳೊಳಗಿನ ಇಕ್ಕಟ್ಟಾದ ಸುತ್ತುಮೆಟ್ಟಿಲುಗಳೇ ಮೇಲಣ ದಾರಿ. ಇಳಿದುಬರುವವರಿಗೆ ಗೋಡೆಗೊತ್ತಿ ಎಡೆಗೊಡುತ್ತ, ಅಂತಸ್ತು ಅಂತಸ್ತಿನಲ್ಲೂ ಉಸಿರು ತಿರುಗಿಸಿಕೊಳ್ಳುತ್ತ ಏರಿದವನು ಕಡೆಗೆ ಗುಮ್ಮಟದೊಳಗಿನ ಮೊಗಸಾಲೆಗೆ ಬಂದು ಕೆಳಗೆ ಇಣುಕಿದಾಗ, ಸುಮಾರು 38 ಮೀಟರು ಒಳವ್ಯಾಸದ ಆ ಮಹಾಗೋಳಕ್ಕೆ ಒಂದು ಕಂಬದ ಆಸರೆಯೂ ಇಲ್ಲವೆಂಬುದು ಪ್ರತ್ಯಕ್ಷವಾಗುತ್ತದೆ. ಚೌಕದ ಮೇಲೆ ವೃತ್ತವನ್ನು ನಿಲ್ಲಿಸುವುದು ಎಲ್ಲ ದೇಶದ ಶಿಲ್ಪಿಗಳನ್ನೂ ಕಾಡಿದ ತೊಡಕು. ಇಲ್ಲಿಯ ಶಿಲ್ಪಿ ಎಂಟು ಕಮಾನುಗಳು ಒಂದನ್ನೊಂದು ಛೇದಿಸುವಂತೆ ಎಬ್ಬಿಸಿ, ಚೌಕವನ್ನು ಮೇಲೇರುತ್ತ ಅಷ್ಟಕೋನವಾಗಿಸಿ, ಅದರ ಮೇಲೆ ಇಟ್ಟಿಗೆ-ಗಾರೆಗಳ ಗೋಳವನ್ನು ಕೂರಿಸಿದನು. ಹೊರಕ್ಕೆ ಒತ್ತುವ ಗುಮ್ಮಟದ ಭಾರವನ್ನು ಒಳಕ್ಕೆ ಚಾಚಿದ ಕಟ್ಟಡದ ಭಾರವೇ ತಡೆಯುತ್ತದೆ.

ಇನ್ನು ಧ್ವನಿಯ ಮಾತು. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರುಬದಿಯಲ್ಲಿ ಕಿವಿಗೊಟ್ಟವನಿಗೆ ಸ್ಫುಟವಾಗಿ ಕೇಳುವುದು ಮಾಯೆಯಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ದೇವಾಲಯದಲ್ಲಿಯೂ 257 ಮೆಟ್ಟಿಲೇರಿದರೆ ಇಂಥದೇ ಮೊಗಸಾಲೆಯಿದೆ; ಧ್ವನಿಯು ನಡುಬಯಲನ್ನು ದಾಟದೆ, ಬಾಗಿದ ಗೋಡೆಗೆ ತಗುಲಿ ತಗುಲಿ ಅದರಂಚಿನಲ್ಲಿಯೇ ಹರಿಯುತ್ತದೆಂದು ವಿವರಿಸಿದವನು ಭೌತವಿಜ್ಞಾನಿ ರೇಲಿ. ನಮ್ಮ ಸಿ. ವಿ. ರಾಮನ್ನರೂ 1921ರಲ್ಲಿ ಅಲ್ಲಿಯೇ ಪ್ರಯೋಗಗಳನ್ನು ನಡೆಸಿದರು. ಅಲೆ ಕಿರಿದಾದಷ್ಟೂ ಧ್ವನಿಯು ಗೋಡೆಗೆ ಹೆಚ್ಚಾಗಿ ಅಂಟಿಕೊಳ್ಳುವುದರಿಂದ, ಸಕಾರ ಶಕಾರಗಳೇ ತುಂಬಿದ ಪಿಸುಮಾತಿಗೆ ಈ ಸ್ಥಳ ಹೇಳಿ ಮಾಡಿಸಿದಂತಿದೆ.

ಆದರೆ ನಮ್ಮ ಜನ ಮೇಲೆ ಬಂದೊಡನೆ ಕೂಗುತ್ತಾರೆ, ಸಿಳ್ಳು ಹಾಕುತ್ತಾರೆ. ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು, ಪಕ್ಕದವನ ಮಾತೂ ತಿಳಿಯದಂತಾಗುತ್ತದೆ. ಮಕ್ಕಳನ್ನು ಗದರಿಸುವ ಹಿರಿಯರ ಗದರಿಕೆಯೂ ಆ ಗದ್ದಲಕ್ಕೇ ಸೇರುವುದು. ಬೆಳಗ್ಗೆ ಬಾಗಿಲು ತೆರೆದೊಡನೆ, ಪ್ರವಾಸದ ಬಸ್ಸುಗಳು ಬಂದು ನಿಲ್ಲುವ ಮುನ್ನವೇ, ಹತ್ತಿಬಿಡುವುದು ಲೇಸು.