ಶೀರೂರು ಮಠದ ಕೇಸು, ಹಿಜಾಬ್ ಕೇಸು: ಎರಡೂ ಉಡುಪಿಯವೇ

ಊರಿನ ವಾಟ್ಸಾಪ್ ಗ್ರೂಪಿನಲ್ಲಿ "ಸರ್ಕಾರ ಗುಡಿ ಬಿಟ್ಟು ಹೊರಡಲಿ" ಅನ್ನೋರು ಒಂದು ಕಡೆ, "ಹಿಜಾಬ್ ಅವರಿಷ್ಟ" ಅನ್ನೋರು ಇನ್ನೊಂದು ಕಡೆ ಜಗಳಕ್ಕೆ ನಿಂತಿರ್ತಾರೆ. ಇಬ್ಬರ ಪ್ರಶ್ನೆಯೂ ಒಂದೇ ಅಂದ್ರೆ ಯಾರೂ ಒಪ್ಪಲ್ಲ. ಸರ್ಕಾರ ಧರ್ಮದೊಳಗೆ ಎಲ್ಲಿಯವರೆಗೆ ಕಾಲಿಡಬಹುದು?

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಚೆನ್ನೈನಲ್ಲಿರೋರು ಈಗಲೂ ದೊಡ್ಡ ಗುಡಿಗಳ ಬೋರ್ಡಿನ ಮೇಲೆ ನೋಡ್ತೀರಲ್ಲ, ಆ ಧಾರ್ಮಿಕ ದತ್ತಿ ಆಡಳಿತ ಅಲ್ಲಿಗೂ ಬರ್ತಿತ್ತು. ನಮ್ಮ ಮುಜರಾಯಿ ಇದ್ದ ಹಾಗೆ. ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠ ಪರ್ಯಾಯದ ಖರ್ಚಿನಿಂದ ಸಾಲದಲ್ಲಿತ್ತು. ಮಠದ ಆಡಳಿತಕ್ಕೆ ದತ್ತಿ ಮಂಡಳಿ ಕೈ ಹಾಕಿತು. ಲಕ್ಷ್ಮೀಂದ್ರತೀರ್ಥ ಸ್ವಾಮೀಜಿ ಹೈಕೋರ್ಟಿಗೆ ಹೋಗಿ ಗೆದ್ದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವೂ ಬಹುಮಟ್ಟಿಗೆ ಅವರ ಪರವಾಗಿಯೇ ಹೇಳಿತು.

ಸರ್ಕಾರದ ವಾದ ಏನಿತ್ತಂದ್ರೆ, ಧರ್ಮದ ತಿರುಳು ಮಾತ್ರ ನಿಮ್ಮದು, ಸುತ್ತಲಿನ ವ್ಯವಹಾರವೆಲ್ಲ ನಮ್ಮ ಹಿಡಿತಕ್ಕೆ ಬರುತ್ತೆ ಅಂತ. ಕೋರ್ಟ್ ಒಪ್ಪಲಿಲ್ಲ. ಯಾವ ಹೊತ್ತಿಗೆ ನೈವೇದ್ಯ, ಯಾವಾಗ ಹೋಮ ಅನ್ನೋದಕ್ಕೆ ದುಡ್ಡು ಖರ್ಚಾಗುತ್ತೆ ಅಂದ ಮಾತ್ರಕ್ಕೆ ಅದು ಲೌಕಿಕ ಆಗಲ್ಲ. ಯಾವುದು ತಿರುಳು ಅನ್ನೋದನ್ನ ಮುಖ್ಯವಾಗಿ ಆ ಧರ್ಮದ ಸಿದ್ಧಾಂತ ನೋಡಿಯೇ ತಿಳಿಯಬೇಕು ಅಂತು. ಅಧಿಕಾರಿಗಳು ಮಠದೊಳಗೆ ಎಲ್ಲಿ ಬೇಕಾದರೂ ನುಗ್ಗಬಹುದು ಅನ್ನೋ ಸೆಕ್ಷನ್ ಬಿದ್ದುಹೋಯ್ತು. ಆಸ್ತಿಯ ಆಡಳಿತವನ್ನು ಕಾನೂನಿನಿಂದ ನಿಯಂತ್ರಿಸೋ ಅಧಿಕಾರ ಮಾತ್ರ ಸರ್ಕಾರಕ್ಕೆ ಉಳೀತು.

ಧರ್ಮವನ್ನು ಸರ್ಕಾರದಿಂದ ಕಾಪಾಡೋಕೆ ಬರೆದ ಮಾತು ಇದು. ಆದರೆ ತಿರುಳು ಬೇರೆ, ಹೊಟ್ಟು ಬೇರೆ ಅಂತ ಒಮ್ಮೆ ಒಪ್ಪಿಕೊಂಡ ಮೇಲೆ ಜರಡಿ ಯಾರ ಕೈಗೆ ಬಂತು? ನ್ಯಾಯಾಧೀಶರ ಕೈಗೆ. 1961ರ ಅಜ್ಮೇರ್ ದರ್ಗಾ ತೀರ್ಪಿನಲ್ಲಿ ಕೋರ್ಟು, ಮೂಢನಂಬಿಕೆಯಿಂದ ಹುಟ್ಟಿದ ಆಚರಣೆಗಳೂ ಇರಬಹುದು, ಅದನ್ನೆಲ್ಲ ಜೋಪಾನವಾಗಿ ಪರಿಶೀಲಿಸಬೇಕು ಅಂತು. ನನ್ನ ಕೇಳಿದ್ರೆ ಎಡವಿದ್ದು ಇಲ್ಲೇ. ಕಾನೂನು ಓದಿದವರು ವೇದ, ಕುರಾನ್ ಬಿಡಿಸಿ ಕೂರಬೇಕಾಯ್ತು.

ಮತ್ತೆ ಉಡುಪಿಗೇ ಬನ್ನಿ. ಅಲ್ಲಿನ ಸರ್ಕಾರಿ ಪಿಯು ಕಾಲೇಜಿನ ಮುಸ್ಲಿಂ ಹುಡುಗಿಯರು ಹಿಜಾಬ್ ಹಾಕ್ಕೊಂಡೇ ಕ್ಲಾಸಿಗೆ ಕೂರ್ತೀವಿ ಅಂತ ಕೋರ್ಟಿಗೆ ಹೋದರು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಅಂತ ತೀರ್ಪು ಕೊಟ್ಟಿತು. ಮಠವನ್ನು ಕಾಪಾಡಿದ ಅದೇ ಅಳತೆಗೋಲು ಈ ಹುಡುಗಿಯರನ್ನು ಹೊರಗೆ ನಿಲ್ಲಿಸಿತು.

ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಮೇಲ್ಮನವಿ ತಳ್ಳಿಹಾಕಿದರು. ಸುಧಾಂಶು ಧುಲಿಯಾ ಪ್ರಕಾರ, ಅತ್ಯಗತ್ಯವೋ ಅಲ್ಲವೋ ಅನ್ನೋ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ. ಇದು ಹುಡುಗಿಯ ಆಯ್ಕೆ, ಅವಳ ಓದು ನಿಲ್ಲಬಾರದು, ಅಷ್ಟೇ.