ಆಯುಧ ಕೊಡಿ ಎಂದ ಕಾಯಿದೆ, ಕೊಡೆವು ಎಂದ ಹಲಗಲಿ

1857ರಲ್ಲಿ ಬ್ರಿಟಿಷ್ ಸೈನ್ಯ ಬೇಡರ ಊರಾದ ಹಲಗಲಿಯಿಂದ ಏನೇನು ಹೊತ್ತುಕೊಂಡು ಹೋಯಿತು ಎಂಬುದನ್ನು ಕುರ್ತಕೋಟಿ ಕಲ್ಮೇಶನ ಲಾವಣಿ ಒಂದೊಂದಾಗಿ ಎಣಿಸುತ್ತದೆ. ಕೊಡಲಿ ಹೋಯಿತು, ಹಾಲು ಮೊಸರು ಹೋದವು, ಅಡುಗೆಮನೆಯ ಜೀರಿಗೆಯೂ ಹೋಯಿತು. ಹೆಣ್ಣುಮಕ್ಕಳ ತಾಳಿಯನ್ನೂ ಬಿಡಲಿಲ್ಲ, ಬೀಸುವ ಕಲ್ಲನ್ನೂ ಬಿಡಲಿಲ್ಲ. ಬೀಸುವ ಕಲ್ಲಿಲ್ಲದ ಮನೆಯಲ್ಲಿ ಮರುದಿನ ರೊಟ್ಟಿಯ ಹಿಟ್ಟು ಎಲ್ಲಿಂದ ಬರಬೇಕು? ದಂಡಿನ ವರದಿಗಳಲ್ಲಿ ಇಂಥ ಸಾಮಾನಿಗೆ ಜಾಗವಿರುವುದಿಲ್ಲ. ಲಾವಣಿಕಾರ ಅದನ್ನು ಮರೆಯಲಿಲ್ಲ. ಈ ಹಾಡನ್ನು ಬರೆದುಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಶಾಸನತಜ್ಞನೂ ಆಗಿದ್ದ ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್. ಮುಂದೆ ಅದು ನಮ್ಮ ಹತ್ತನೆಯ ತರಗತಿಯ ಪಠ್ಯದಲ್ಲಿ ಪಾಠವಾಯಿತು.

ಹಲಗಲಿ ಇರುವುದು ಮುಧೋಳ ತಾಲ್ಲೂಕಿನಲ್ಲಿ. ಮುಧೋಳ ಮತ್ತು ಬೀಳಗಿಯ ನಡುವಿನ ಕುರುಚಲು ಗುಡ್ಡಗಳಲ್ಲಿ ಈಗ ಯಡಹಳ್ಳಿ ಚಿಂಕಾರ ಅಭಯಾರಣ್ಯವಿದೆ. ಆ ಗುಡ್ಡಗಳು ಬೇಡರಿಗೆ ಬೇಟೆಯ ನೆಲವಾಗಿದ್ದವು. ಬೇಟೆಯಷ್ಟೇ ಅವರ ಬದುಕಾಗಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಊರಿನ ತಳವಾರಿಕೆ, ವಾಲಿಕಾರಿಕೆ, ರಾತ್ರಿಯ ಕಾವಲು, ಕೋಟೆಯ ಚಾಕರಿ ಎಲ್ಲಕ್ಕೂ ಅವರೇ ಬೇಕಿತ್ತು. ಆ ಚಾಕರಿಗೆ ಪ್ರತಿಯಾಗಿ ಹೊಲ ಸಿಗುತ್ತಿತ್ತು. ಕಿತ್ತೂರು ಸೀಮೆಯಲ್ಲಿ ಇಂಥ ಹೊಲ ಉಂಡು ಊರು ಕಾಯುವವರನ್ನು ಶೇತಸನದಿ ಎನ್ನುತ್ತಿದ್ದರು. ಸಂಗೊಳ್ಳಿ ರಾಯಣ್ಣ ಅಂಥವನು. ಕತ್ತಿ, ಬಂದೂಕು ಬೇಡನ ಮನೆಯಲ್ಲಿ ಇರುತ್ತಿದ್ದದ್ದು ಊರಿನವರೆಲ್ಲ ಒಪ್ಪಿದ ಕೆಲಸಕ್ಕಾಗಿ. ಆಯುಧ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹೊಲ ಹೋಗುತ್ತದೆ, ಹೊಲದ ಹಿಂದೆಯೇ ಊರಿನಲ್ಲಿದ್ದ ಮಾನವೂ ಹೋಗುತ್ತದೆ. ಹಲಗಲಿಯ ಹಟವನ್ನು ಬರೀ ಶೌರ್ಯ ಎಂದು ಹೊಗಳಿ ಮುಂದೆ ಹೋಗುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದ ಮೇಲೆ ಮುಧೋಳದ ಘೋರ್ಪಡೆಯವರೂ ಜಮಖಂಡಿಯ ಪಟವರ್ಧನರೂ ಗಾದಿಯ ಮೇಲೇನೋ ಉಳಿದರು, ಆದರೆ ಕೈ ಮೇಲಾದದ್ದು ಇಂಗ್ಲಿಷರದು. 1852ರ ಇನಾಮು ಕಾಯಿದೆ ಬಂದು, ತಲೆಮಾರುಗಳಿಂದ ಉಂಬಳಿ ಉಣ್ಣುತ್ತಿದ್ದವರನ್ನು ‘ಕಾಗದ ತೋರಿಸು’ ಎಂದು ನಿಲ್ಲಿಸಿತು. ಉತ್ತರದಲ್ಲಿ ಸಿಪಾಯಿಗಳು ತಿರುಗಿಬಿದ್ದ 1857ರಲ್ಲೇ ಆಯುಧಗಳ ಕಾಯಿದೆ ಬಂತು: ಇದ್ದ ಆಯುಧವನ್ನು ಸರ್ಕಾರದ ಮುಂದಿಡಬೇಕು, ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು.

ಹಲಗಲಿ ಕೊಡಲಿಲ್ಲ. ಜಡಗ, ಬಾಲ, ಹನುಮ, ರಾಮ ಮುಂದಾಳುಗಳಾದರು. ಮಂಟೂರು, ಅಲಗುಂಡಿ ಕಡೆಯ ಬೇಡರೂ ಬಂದು ಸೇರಿದರು. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಂ ಕುದುರೆ ದಂಡು ತಂದ. ಬೇಡರು ಮನೆಗಳ ಒಳಗಿನಿಂದ ಗುಂಡು ಹಾರಿಸಿದರು. ಮನೆ ಮನೆ ಹೊಕ್ಕು ಗೆಲ್ಲುವುದು ಕಷ್ಟವಾದಾಗ ದಂಡು ಊರಿಗೇ ಬೆಂಕಿ ಇಟ್ಟಿತು. ಹಲವರು ಅಲ್ಲೇ ಸತ್ತರು, 290 ಜನ ಸೆರೆಸಿಕ್ಕರು. ಅವರಲ್ಲಿ 19 ಮಂದಿಗೆ ಗಲ್ಲು: ಕೆಲವರಿಗೆ ಡಿಸೆಂಬರ್ 11ರಂದು ಮುಧೋಳದಲ್ಲಿ, ಉಳಿದವರಿಗೆ 14ರಂದು ಹಲಗಲಿಯಲ್ಲೇ.

ಹಲಗಲಿಯನ್ನು ಬೇರೆ ದೇಶಗಳ ಜೊತೆ ಹೋಲಿಸಹೊರಟರೆ ಒಂದು ಆಕ್ಷೇಪ ಎದುರಾಗುತ್ತದೆ. ಬಿಳಿಯರು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲೆಯೂರಲು ಬಂದರು, ಮೂಲನಿವಾಸಿಗಳ ನೆಲ ಕಿತ್ತುಕೊಂಡರು. ಇಲ್ಲಿ ಆಳಲು ಮಾತ್ರ ಬಂದರು, ಆದ್ದರಿಂದ ಎರಡೂ ಬೇರೆ ಎನ್ನುವ ವಾದವಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. 1890ರ ಡಿಸೆಂಬರ್‌ನಲ್ಲಿ ಅಮೆರಿಕದ ವೂಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟಾ ಜನರನ್ನು ಸುತ್ತುವರಿದು ಮೊದಲು ಕೇಳಿದ್ದು ಅವರ ಬಂದೂಕುಗಳನ್ನು. ಆ ಜಪ್ತಿಯ ನಡುವೆ ಗುಂಡು ಹಾರಿ, ಹೆಂಗಸರು ಮಕ್ಕಳೂ ಸೇರಿ ನೂರಾರು ಜನ ಹತರಾದರು. ಬೇಟೆಯ ಜನರಿಂದ ಆಯುಧ ಕಸಿದರೆ ಅವರನ್ನು ಹೇಗೆ ಬೇಕಾದರೂ ಕೂರಿಸಬಹುದು, ಏಳಿಸಬಹುದು ಎಂಬುದು ಎರಡೂ ಕಡೆಯ ಅಧಿಕಾರಿಗಳಿಗೆ ಗೊತ್ತಿತ್ತು.

ಹಲಗಲಿಯ ಬೂದಿ ಆರುವ ಮೊದಲೇ 1858ರ ಫೆಬ್ರವರಿಯಲ್ಲಿ ಸುರಪುರದ ಬೇಡ ಅರಸ ವೆಂಕಟಪ್ಪ ನಾಯಕನ ಮೇಲೆ ದಂಡು ಹೋಯಿತು. ಮೇ ತಿಂಗಳಲ್ಲಿ ನರಗುಂದದ ಅರಸ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಎದ್ದ, ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ.

ಗಲ್ಲಿನಷ್ಟು ಸದ್ದು ಮಾಡದ, ಆದರೆ ಅದಕ್ಕಿಂತ ದೀರ್ಘವಾದ ಶಿಕ್ಷೆ ಆಮೇಲೆ ಬಂತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ, ಹುಟ್ಟಿನಿಂದಲೇ ಕಳ್ಳರು ಎಂದು ಇಡೀ ಸಮುದಾಯಗಳಿಗೆ ಹಣೆಪಟ್ಟಿ ಹಚ್ಚಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂದು, ಹುಬ್ಬಳ್ಳಿ, ವಿಜಯಪುರ, ಗದಗಗಳಲ್ಲಿ ಅಂಥವರನ್ನು ಕೂಡಿಹಾಕುವ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಬೇಡರಿಗೂ ಆ ಕಳಂಕ ಅಂಟಿತು. ಊರಿನ ಕಳವು ತಡೆಯುತ್ತಿದ್ದ ತಳವಾರನ ಮನೆತನವೇ ಪೊಲೀಸರ ಕಣ್ಣಿಗೆ ಕಳ್ಳರ ಮನೆತನವಾದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೇಡರ ಮೇಲಿನ ಕಳಂಕ ಒಂದೆಡೆಗಾದರೆ, ಇದೇ ಮುಧೋಳದಲ್ಲಿ ಬೇಟೆಗಾರರು ಸಾಕುತ್ತಿದ್ದ ನಾಯಿಗಳನ್ನು ದೊರೆ ಮಾಲೋಜಿರಾವ್ ಘೋರ್ಪಡೆ ಮೆಚ್ಚಿ, ತಳಿ ಬೆಳೆಸಿ, ಮರಿಗಳನ್ನು ಇಂಗ್ಲೆಂಡಿನ 5ನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ಮುಧೋಳದ ನಾಯಿಗೆ ದೇಶದೇಶಗಳಲ್ಲಿ ಹೆಸರಾಯಿತು. ಅದನ್ನು ಸಾಕಿ ಪಳಗಿಸಿದ ಕೈಗಳ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

1952ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾಯಿತು. ಆದರೆ ಎಲ್ಲಿ ಕಳವಾದರೂ ಪೊಲೀಸರು ಮೊದಲು ಬೇಡರ ಓಣಿಗೇ ಬರುತ್ತಿದ್ದರು. ಬೆಳಗಾವಿ ಸೀಮೆಯ ಭೀಮರಾವ ಗಸ್ತಿ ಮರಾಠಿಯಲ್ಲಿ ಬರೆದ ‘ಬೇರಡ’ ಆತ್ಮಕಥೆ ಆ ದಿನಗಳ ಸುಳ್ಳು ಕೇಸು, ಹೊಡೆತಗಳನ್ನು ಹೇಳುತ್ತದೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕರ ಜೊತೆಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಸೇರಿದ್ದು 1991ರಲ್ಲಿ, ಹಲಗಲಿ ಸುಟ್ಟು 134 ವರ್ಷಗಳಾದ ಮೇಲೆ.