ಚುಕ್ಕೆ ಎಣಿಸುವ ಪರೀಕ್ಷೆ, ದಾರಿಯಲ್ಲಿರುವ ರಕ್ತ

ಮಂಗನ ಕಾಯಿಲೆಯೂ ಇಂಟರ್‌ಫೆರಾನ್ ಎಂಬ ಪ್ರೋಟೀನೂ ವಿಜ್ಞಾನದ ಕಣ್ಣಿಗೆ ಬಿದ್ದದ್ದು ಒಂದೇ ವರ್ಷ, 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣ್ಣೆಯಿಂದ ಹರಡುವ ಹೊಸ ವೈರಸ್ ಪತ್ತೆ ಮಾಡಿದರು. ಅತ್ತ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್, ವೈರಸ್ ಸೋಕಿದ ಕೋಶಗಳು ಹೊರಬಿಟ್ಟು ನೆರೆಯ ಕೋಶಗಳನ್ನು ಕಾಯುವ ವಸ್ತುವಿಗೆ ಹೆಸರಿಟ್ಟರು. ಕಾಯಿಲೆ ಆಮೇಲೆ ಉತ್ತರ ಕನ್ನಡಕ್ಕೂ ಬಂತು. ಸಿದ್ದಾಪುರ, ಹೊನ್ನಾವರದವರಿಗೆ ಅದನ್ನು ವಿವರಿಸಬೇಕಿಲ್ಲ.

ಜ್ವರ ಬಂದಾಗ ಆರ್‌ಟಿ-ಪಿಸಿಆರ್ ವೈರಸ್ಸನ್ನೇ ಹುಡುಕುತ್ತದೆ, ಎಲೈಸಾ ಪ್ರತಿಕಾಯವನ್ನು. ಆದರೆ ಲಸಿಕೆ ಪಡೆದವರ ಮೈಯಲ್ಲಿ ವೈರಸ್ಸಿನ ನೆನಪಿಟ್ಟುಕೊಂಡ ಟಿ-ಕೋಶಗಳು ಎಷ್ಟಿವೆ? ಅದನ್ನು ಎಣಿಸುವುದು ಎಲಿಸ್ಪಾಟ್. ಸ್ವೀಡನ್ನಿನಲ್ಲಿ ಚೆರ್ಕಿನ್ಸ್ಕಿ ತಂಡ 1983ರಲ್ಲಿ ಇದನ್ನು ರೂಪಿಸಿದ್ದು ಪ್ರತಿಕಾಯ ಸುರಿಸುವ ಕೋಶಗಳಿಗಾಗಿ. ಟಿ-ಕೋಶಗಳು ಸುರಿಸುವ ಗಾಮಾ ಇಂಟರ್‌ಫೆರಾನಿಗೆ ಅದು ಒಗ್ಗಿದ್ದು ತರುವಾಯ.

96 ಗುಳಿಗಳ ತಟ್ಟೆ. ಗುಳಿಯ ತಳದ ಪೊರೆಗೆ ಇಂಟರ್‌ಫೆರಾನನ್ನು ಹಿಡಿಯುವ ಪ್ರತಿಕಾಯ ಲೇಪಿಸಿರುತ್ತಾರೆ. ರಕ್ತದಿಂದ ಬೇರ್ಪಡಿಸಿದ ಬಿಳಿ ಕೋಶಗಳನ್ನು ವೈರಸ್ಸಿನ ಪ್ರೋಟೀನ್ ತುಣುಕುಗಳ ಜೊತೆ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಅಲುಗಾಡಿಸದೆ ಬಿಡಬೇಕು. ವೈರಸ್ಸಿನ ಗುರುತು ಹಿಡಿದ ಕೋಶ ಕೂತಲ್ಲೇ ಇಂಟರ್‌ಫೆರಾನ್ ಸುರಿಸುತ್ತದೆ, ಅದು ಕೆಳಗಿನ ಪೊರೆಗೇ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಕೋಶಗಳನ್ನು ತೊಳೆದುಬಿಟ್ಟು, ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯ ಹಾಕಿ ಬಣ್ಣ ಬರಿಸುತ್ತಾರೆ. ಕವಳ ಹಾಕಿ ಎದ್ದುಹೋದವರ ಗುರುತು ಜಗಲಿಯಂಚಿನಲ್ಲಿ ಉಳಿದ ಹಾಗೆ, ಕೋಶ ಹೋದರೂ ಚುಕ್ಕೆ ಉಳಿದಿರುತ್ತದೆ. ಒಂದು ಚುಕ್ಕೆಗೆ ಒಂದು ಕೋಶ. ಲಕ್ಷದಲ್ಲಿ ಬೆರಳೆಣಿಕೆಯಷ್ಟೇ ಇದ್ದರೂ ತಪ್ಪಿಸಿಕೊಳ್ಳಲಾರವು.

ಈ ಲೆಕ್ಕ ನಮಗೇಕೆ ಎನ್ನಬೇಡಿ. ಮಂಗನ ಕಾಯಿಲೆಯ ಹಳೆಯ ಲಸಿಕೆ ಎರಡು ಡೋಸಿಗೆ ಸುಮಾರು ಶೇ 62ರಷ್ಟು ಮಾತ್ರ ರಕ್ಷಣೆ ಕೊಡುತ್ತಿತ್ತು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದನ್ನು ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಿದ್ಧಪಡಿಸುತ್ತಿವೆ. ಅದರ ಬಲ ತಿಳಿಯಲು ಪ್ರತಿಕಾಯವೊಂದನ್ನೇ ನೋಡಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ತೊಡಕಿರುವುದು ದಾರಿಯಲ್ಲಿ. ಪ್ರತಿಕಾಯ ಪರೀಕ್ಷೆಗೆ ಬೇಕಾದ ಸೀರಮ್ಮನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ದೂರಕ್ಕೆ ಕಳಿಸಬಹುದು. ಎಲಿಸ್ಪಾಟಿಗೆ ಬೇಕಾದ್ದು ಜೀವಂತ ಕೋಶ, ರಕ್ತ ತೆಗೆದ ಸುಮಾರು 8 ಗಂಟೆಯೊಳಗೆ ಬೇರ್ಪಡಿಸಿದರೆ ಒಳ್ಳೆಯದು. ಅಂಕೋಲೆಯ ಘಟ್ಟದ ಬುಡದ ಹಳ್ಳಿಯಿಂದ ಹೊರಟ ರಕ್ತ ಕಾರವಾರಕ್ಕಾದರೆ ಸಲೀಸಾಗಿ ಮುಟ್ಟೀತು. ಮಣಿಪಾಲಕ್ಕೆ? 2024ರ ಜುಲೈನಲ್ಲಿ ಆ ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಅಂಥ ದಿನಗಳಲ್ಲಿ ಗಂಟೆ ಎಣಿಸಿ ಪ್ರಯೋಜನವಿಲ್ಲ.

ಕ್ಷಯದ ಸೋಂಕು ಪತ್ತೆಗೆ ಬಳಸುವ, ಎಲಿಸ್ಪಾಟಿನ ದಾಯಾದಿ ಪರೀಕ್ಷೆಯೊಂದಿದೆ. ಅದರಲ್ಲಿ ರಕ್ತವನ್ನು ನೇರ ವಿಶೇಷ ಕೊಳವೆಗೇ ತೆಗೆದು, 16 ಗಂಟೆಯೊಳಗೆ ಕಾವಿಗಿಟ್ಟು, ಹೊರಬಂದ ಇಂಟರ್‌ಫೆರಾನನ್ನು ಒಟ್ಟಾಗಿ ಅಳೆಯುತ್ತಾರೆ. ಕೋಶದ ಎಣಿಕೆ ಸಿಗದು, ಆದರೆ ಕಾವು ಮುಗಿದ ಮೇಲೆ ಪ್ಲಾಸ್ಮಾ ಎಷ್ಟು ದೂರವಾದರೂ ಹೋದೀತು. ಮಂಗನ ಕಾಯಿಲೆಗೂ ಇಂಥದ್ದು ರೂಪುಗೊಂಡರೆ ಅಂಕೋಲೆಯ ತಾಲ್ಲೂಕು ಆಸ್ಪತ್ರೆಗೆ ಬೇಕಾಗುವುದು ಒಂದು ಇನ್‌ಕ್ಯುಬೇಟರ್, ಒಂದು ಸೆಂಟ್ರಿಫ್ಯೂಜ್, ಮತ್ತು ಕರೆಂಟು ಹೋದರೂ ನಿಲ್ಲದ ಬ್ಯಾಟರಿ.